ಮಹದೇವು ಹುಡುಕಿದ ಪೊಟ್ಯಾಸಿಯಂ

ನನ್ನ ತಮ್ಮ ಮಹದೇವು ಬೋರ್‌ವೆಲ್ ಮೋಟಾರು ರಿಪೇರಿ ಮಾಡೋನು. ಕಾಮಗೆರೆ ಸುತ್ತ ಯಾರ ತೋಟದಲ್ಲಿ ನೀರು ಬರೋದು ನಿಂತರೂ ಅವನನ್ನೇ ಕರೆಯೋರು. ಹೋದ ತಕ್ಷಣ ಬಿಚ್ಚುತ್ತಿರಲಿಲ್ಲ. ಕೂತು ನೋಡೋನು, ಪೈಪಿಗೆ ಕಿವಿ ಕೊಡೋನು, ಎಲ್ಲಾನೂ ಕೇಳೋನು. ಎರಡು ಕಿಡ್ನಿಯೂ ಕೆಟ್ಟ ಮೇಲೂ ಆ ಗುಣ ಹೋಗಲಿಲ್ಲ.

ವಾರಕ್ಕೆ ಎರಡು ಸಲ ಕೊಳ್ಳೇಗಾಲಕ್ಕೆ ಡಯಾಲಿಸಿಸ್‌ಗೆ ಅವನ ಜೊತೆ ನಾನು ಹೋಗ್ತೀನಿ. ಅವನ ಹೆಂಡತಿ ರತ್ನಂಗೆ ಸ್ಕೂಲಲ್ಲಿ ಬಿಸಿಯೂಟದ ಕೆಲಸ, ರಜಾ ಸಿಕ್ಕಲ್ಲ. ಮಿಷನ್ನು ರಕ್ತ ತೊಳೆಯುವಾಗ ಬೇರೆಯವರು ಕಣ್ಣು ಮುಚ್ಚಿ ಮಲಗ್ತಾರೆ. ಇವನು ಮಾತ್ರ, ಆ ಕ್ಯಾನಿನ ನೀರಲ್ಲಿ ಏನದೆ, ನನ್ನ ರಕ್ತದ ಉಪ್ಪು ಅತ್ತಕಡೆ ಹೆಂಗೆ ದಾಟ್ತದೆ ಅಂತ ನರ್ಸ್ ಪ್ರೇಮಮ್ಮನನ್ನು ಬಿಡೋದೇ ಇಲ್ಲ. ಅವರೂ ಬೇಸರಪಡದೆ ಹೇಳ್ತಾರೆ. ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ ಅಂತೆಲ್ಲ ಇರ್ತವಂತೆ. ಹೆಚ್ಚಾದದ್ದನ್ನ ಕಿಡ್ನಿ ಉಚ್ಚೇಲಿ ಕಳಿಸ್ತದಂತೆ. ಇವನಿಗೆ ಮಿಷನ್ನೇ ಎಳೀಬೇಕು. ಪೊಟ್ಯಾಸಿಯಂ ಮಿತಿ ಮೀರಿದ್ರೆ ಎದೆಬಡಿತವೇ ನಿಲ್ಲಬಹುದು.

ಈ ಸಲ ಅವರೆಕಾಯಿ ಕಾಲದಲ್ಲಿ ಅದೇ ಏರ್ತಾ ಬಂತು. ಐದರ ಆಸುಪಾಸು ಇರಬೇಕಾದದ್ದು ಆರು ದಾಟ್ತು. ಬಸ್ಸು ಹತ್ತೋಕೂ ಕಾಲಲ್ಲಿ ಶಕ್ತಿ ಇರಲಿಲ್ಲ. ಇನ್ನೂ ಏರಿದ್ರೆ ಮೈಸೂರು ಆಸ್ಪತ್ರೆಗೆ ಸೇರಿಸಬೇಕಾಗ್ತದೆ, ಜೀವದ ಮಾತು ಅಂದರು ಡಾಕ್ಟರು.

ಪೊಟ್ಯಾಸಿಯಂ ಜಾಸ್ತಿ ಅಂತ ಮಹದೇವು ಬಾಳೆಹಣ್ಣು ಎಳನೀರು ಬಿಟ್ಟು ಎಷ್ಟೋ ದಿನ ಆಗಿತ್ತು. ರತ್ನ ನಂಬಲಿಲ್ಲ. ತೋಟದೋರು ಕರೆದು ಎಳನೀರು ಕೆತ್ತಿ ಕೊಟ್ಟಿರ್ತಾರೆ, ಇವನು ಕುಡಿದಿರ್ತಾನೆ ಅಂತ ಅವಳ ಲೆಕ್ಕ.

"ನಿನ್ನ ನಾಲಿಗೆ ನಂಗೊತ್ತಿಲ್ವಾ?" ಅಂದಳು.

ಮಾದಪ್ಪನ ಮೇಲೆ ಆಣೆ ಇಟ್ಟರೂ ಮುಖ ತಿರುಗಿಸಿಕೊಂಡಳು. ಅವನಿಗೆ ಕಾಯಿಲೆಗಿಂತ ಅದೇ ಹೆಚ್ಚು ನೋವಾಯ್ತು.

ಮುಂದಿನ ಸಲ ಮಲಗಿದ್ದಂಗೇ ಪ್ರೇಮಮ್ಮನನ್ನು ಕೇಳಿದ, ಮಿಷನ್ನು ಎಳೀತಾ ಅದೆ, ನಾನು ಬಾಯಿ ಕಟ್ಟೀವ್ನಿ, ಮತ್ತೆ ಇದು ಒಳಕ್ಕೆ ಬರೋದು ಯಾವ ದಾರೀಲಿ ಅಂತ. ಅವರು ಒಂದೊಂದೇ ಹೊತ್ತಿನ ಊಟ ಕೇಳ್ತಾ ಬಂದರು. ಮಧ್ಯಾಹ್ನ ಮುದ್ದೆ, ಸೊಪ್ಪು ಅವರೆಕಾಳಿನ ಪಲ್ಯ. ನಾವು ಹೇಳಿದಂಗೆ ಬೇಯಿಸಿ ನೀರು ಬಸಿದಿದ್ರಾ ಅಂದರು. ತಪ್ಪದೆ ಬಸೀತಾಳೆ ಅಂದೆ ನಾನು.

"ಮುದ್ದೆಗೆ ಏನು?"

"ಬಸ್ಸಾರು," ಅಂದ ಮಹದೇವು.

ಪ್ರೇಮಮ್ಮ ಮಿಷನ್ನು ಬಿಟ್ಟು ಇತ್ತ ತಿರುಗಿದರು. "ಬಸಿದ ನೀರಲ್ಲೇ ಮಾಡಿದ್ದಾ?"

"ಇನ್ಯಾತರಲ್ಲಿ ಮಾಡ್ತಾರೆ, ಸಿಸ್ಟರ್?"

ಬೇಯಿಸಿದಾಗ ಪೊಟ್ಯಾಸಿಯಂ ಸುಮಾರು ಆ ನೀರಿಗೇ ಇಳೀತದಂತೆ. ಅದನ್ನ ಚೆಲ್ಲಲಿ ಅಂತಲೇ ಬಸೀರಿ ಅಂದದ್ದಂತೆ. ಚೆಲ್ಲೋದಾ ಅಂದುಬಿಟ್ಟೆ ನಾನು. ನಮ್ಮಲ್ಲಿ ಬಸಿದ ನೀರನ್ನ ಯಾರೂ ಚೆಲ್ಲಿದ್ದಿಲ್ಲ, ರುಚಿಯೆಲ್ಲಾ ಅದರಲ್ಲೇ. ಮಹದೇವು ಮಾತ್ರ ಸೂಜಿ ಚುಚ್ಚಿದ ಕೈ ಅಲ್ಲಾಡದ ಹಾಗೆ ನಗ್ತಾ ಇದ್ದ. ಮಿಷನ್ನಿನ ಪೈಪೆಲ್ಲಾ ವಿಚಾರಿಸಿದೋನು, ಸೊಪ್ಪು ಯಾಕೆ ಬಸೀಬೇಕು ಅಂತ ಒಂದು ದಿನವೂ ಕೇಳಿರಲಿಲ್ಲ.

ಮನೇಲಿ ರತ್ನಂಗೆ ಹೇಳಿದಾಗ ಅವಳು ಒಲೆ ಮುಂದೆ ಕೂತು, ಬಸ್ಸಾರಿನ ಪಾತ್ರೆ ಪಕ್ಕಕ್ಕೆ ಸರಿಸಿದಳು. ಮಾರನೇ ದಿನದಿಂದ ಬಸಿದ ನೀರು ಹಸುವಿನ ಕಲಗಚ್ಚಿಗೆ ಹೋಯ್ತು. ಅವನ ಮುದ್ದೆಗೆ ಮೆಣಸಿನ ತಿಳಿಸಾರು, ಅದೂ ಒಂದೇ ಸೌಟು. ಆಮೇಲಿನ ರಕ್ತಪರೀಕ್ಷೇಲಿ ಐದಕ್ಕೆ ಇಳಿದಿತ್ತು.

ಅವತ್ತು ಉಣ್ಣೋಕೆ ಕೂತಾಗ ಮಹದೇವು, "ಅಷ್ಟು ಬಯ್ಸ್ಕಂಡಿದ್ದಕ್ಕಾದ್ರೂ ಒಂದು ಎಳನೀರು ಕುಡೀಬೇಕಾಗಿತ್ತು ಕಣೆ," ಅಂದ.

ರತ್ನ ನಗು ತಡೆದುಕೊಂಡು ಪಲ್ಯ ಬಡಿಸಿದಳು. ಅವನು ಒಂದು ಅವರೆಕಾಳು ಹಿಸುಕಿ ನೋಡ್ತಾ, ಎರಡು ಸಲ ನೀರು ಬದಲಾಯಿಸಿ ಬೇಯಿಸಿದ್ರೆ ಇದರೊಳಗೆ ಇನ್ನೆಷ್ಟು ಉಳೀತದೆ ಅಂತ ಕೇಳಿದ.

"ಸಿಸ್ಟರ್‌ನ ಕೇಳು. ಈಗ ಉಣ್ಣು," ಅಂದಳು.