ಗುಡ್ಡದ ಮೇಲಿನ ಹಿಮ, ತಂಗಿಯ ಕುಬಸ

ಪಾರ್ಟಿಗಳಲ್ಲಿ ನನ್ನ ಗಂಡ ಆ ಕಥೆ ಹೇಳಿ ಎಲ್ಲರನ್ನೂ ನಗಿಸುತ್ತಾರೆ. ಹಿಮದಲ್ಲಿ ಕಾರು ಸಿಕ್ಕಿಬಿದ್ದದ್ದು, ತಂಗಿಗೆಂದು ಒಯ್ದ ಬುತ್ತಿಯನ್ನು ಕಾರಿನಲ್ಲೇ ಇಬ್ಬರೂ ತಿಂದದ್ದು. ತಿಂದವರು ಅವರು. ನಾನು ಒಂದು ತುತ್ತೂ ಮುಟ್ಟಿರಲಿಲ್ಲ. ಇಷ್ಟು ವರ್ಷವಾದರೂ ಆ ಕಥೆ ಶುರುವಾದರೆ ನನ್ನ ಮೈ ಉರಿಯುತ್ತದೆ.

ಅದು ತೊಂಬತ್ತರ ದಶಕದ ಕೊನೆ. ನಾವಿದ್ದದ್ದು ಪರದೇಶದ ಮಿಸ್ಸಿಸಾಗಾದಲ್ಲಿ, ಸಮುದ್ರದಂಥ ದೊಡ್ಡ ಲೇಕಿನ ಹತ್ತಿರ. ತಂಗಿ ಇದ್ದದ್ದು ನಮ್ಮಿಂದ ಪಶ್ಚಿಮಕ್ಕೆ, ಮಿಲ್ಟನ್ ದಾಟಿ ಗುಡ್ಡ ಹತ್ತಿದ ಮೇಲಿನ ಸಣ್ಣ ಊರಲ್ಲಿ. ಅವಳಿಗೆ ಏಳು ತಿಂಗಳು. ನಮ್ಮ ಧಾರವಾಡದ ಕಡೆ ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ, ಹಸಿರು ಬಳೆ, ಬುತ್ತಿ ಒಯ್ದು ಕುಬಸ ಮಾಡಬೇಕು. ಅವ್ವ ತೀರಿಕೊಂಡಿದ್ದಳು. ಈ ದೇಶದಲ್ಲಿ ತಂಗಿಗೆ ತವರು ಅಂತ ಇದ್ದವಳು ನಾನೊಬ್ಬಳೇ.

ಕುಬಸದ ಹಿಂದಿನ ದಿನವೇ ಹೋಗೋಣ ಎಂದು ಬಡಕೊಂಡೆ. ನೈರುತ್ಯದಿಂದ ದೊಡ್ಡ ಸ್ಟಾರ್ಮ್ ಬರುತ್ತಿದೆ, ಲೇಕಿನ ಕಡೆ ಮಳೆ, ಗುಡ್ಡದ ಮೇಲೆ ಭಾರೀ ಹಿಮ ಎಂದು ಟೀವಿಯಲ್ಲಿ ಹೇಳುತ್ತಿದ್ದರು. ನನ್ನ ಗಂಡ ಎಂಜಿನಿಯರ್, ಬೆಳಗಾವಿಯವರು. ಟೀವಿಯವರಿಗೇ ಪಾಠ ಹೇಳುವ ಪೈಕಿ.

“ನಮ್ಮ ಘಟ್ಟ ನೋಡಿಲ್ಲೇನು ನೀ? ಮೋಡ ಪಶ್ಚಿಮದಿಂದ ಬರ್ತಾವ, ಆಕಡೇನ ಸುರೀತಾವ. ಈಕಡೆ ಬರೂದ್ರಾಗ ಖಾಲಿ! ನಾವು ಗುಡ್ಡದ ಪೂರ್ವಕ್ಕ ಅದೀವಿ. ಏನೂ ಆಗೂದಿಲ್ಲ.”

“ರೀ, ಆಕೀ ಮನಿ ಗುಡ್ಡದ ಮ್ಯಾಲೇ ಐತ್ರಿ.”

“ಅದೇನ್ ಗುಡ್ಡ? ನಮ್ಮ ಘಟ್ಟದ ಮುಂದ ಅದೊಂದು ದಿಬ್ಬ. ಸುಮ್ನ ಮಲಕೋ.”

ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಬೆಳಿಗ್ಗೆ ಕಿಟಕಿಯಾಚೆ ಬರೀ ಮಳೆ. “ನೋಡಿದ್ಯಾ?” ಎಂದು ಹಲ್ಲುಕಿರಿದು ಇನ್ನೊಂದು ಚಹಾ ಮಾಡಿಸಿಕೊಂಡು ಕುಡಿದರು.

ಮಿಲ್ಟನ್‌ವರೆಗೂ ಮಳೆಯೇ. ಏರು ಶುರುವಾದದ್ದೇ ತಡ, ಮಳೆ ಬೆಳ್ಳಗಾಯಿತು. ಇನ್ನೊಂದು ತಿರುವಿನಲ್ಲಿ ಮುಂದಿನ ಕಾರಿನ ದೀಪವೂ ಕಾಣಲಿಲ್ಲ. ಪಶ್ಚಿಮಕ್ಕೆ ಹೊರಟಿದ್ದ ನಮ್ಮನ್ನು ಗಾಳಿ ಹಿಂದಿನಿಂದ, ಲೇಕಿನ ಕಡೆಯಿಂದ ದೂಡುತ್ತಿತ್ತು! ಇಂಥ ಸ್ಟಾರ್ಮ್ ಸುತ್ತಿಕೊಂಡು ಬರುತ್ತದಂತೆ. ಅದರ ನಡುಭಾಗ ನಮ್ಮನ್ನು ತಲುಪುವ ಮೊದಲು ಇಲ್ಲಿ ಗಾಳಿ ಬೀಸುವುದು ಪೂರ್ವದಿಂದ. ಲೇಕಿನ ತೇವವನ್ನು ಹೊತ್ತುಕೊಂಡು ಗುಡ್ಡ ಹತ್ತುತ್ತದೆ, ಹತ್ತುತ್ತಾ ತಣ್ಣಗಾಗುತ್ತದೆ, ಅಲ್ಲೇ ಸುರಿಯುತ್ತದೆ. ಘಟ್ಟದಲ್ಲಿ ಅರಬ್ಬೀ ಸಮುದ್ರದ ಗಾಳಿ ಮಾಡುವುದೂ ಇದನ್ನೇ. ದಿಕ್ಕು ಮಾತ್ರ ತಿರುಗುಮುರುಗು. ನಾವಿದ್ದದ್ದು ಒಣ ಮಗ್ಗುಲಲ್ಲ, ಸುರಿಯುವ ಮಗ್ಗುಲು. ಇದೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ಗುಡ್ಡದ ಮೇಲೆ ಹಿಮ ಎಂದು ಅವರಿಗೆ ಹಿಂದಿನ ದಿನವೇ ಟೀವಿ ಹೇಳಿತ್ತು.

ಮುಂದೆ ಲಾರಿಯೊಂದು ರಸ್ತೆಗೆ ಅಡ್ಡ ಬಿದ್ದಿತ್ತು. ನಾವು ಅಲ್ಲೇ ನಿಂತೆವು. ಕೈಯಲ್ಲಿ ಮೊಬೈಲ್ ಇಲ್ಲದ ಕಾಲ. ಅಲ್ಲಿ ತಂಗಿ ಬಾಗಿಲು ನೋಡುತ್ತಾ ಕೂತಿರುತ್ತಾಳೆ, ಮಧ್ಯಾಹ್ನದೊಳಗೆ ಮಡಿಲಿಗೆ ಅಕ್ಕಿ-ಕಾಯಿ ಹಾಕಿ ಉಡಿ ತುಂಬಬೇಕು. ಇವರು ಹಿಂದಿನ ಸೀಟಿನಿಂದ ಬುತ್ತಿಯ ಡಬ್ಬಿ ಎಳೆದುಕೊಂಡರು.

“ಹಳಸಿ ಹೋಗೂದಕ್ಕಿಂತ ತಿನ್ನೂದು ಛಲೋ.”

ಆ ಚಳಿಯಲ್ಲಿ ಹಳಸುತ್ತದಂತೆ! ಆ ಡಬ್ಬಿಯನ್ನು ಅವರ ತಲೆಯ ಮೇಲೆ ಕವುಚಬೇಕು ಅನ್ನಿಸಿತ್ತು.

ಹಿಮ ತೆಗೆಯುವ ಗಾಡಿ ಬಂದು, ದಾರಿ ತೆರವಾಗಿ, ನಾವು ತಲುಪುವಾಗ ಕತ್ತಲಾಗಿತ್ತು. ತಂಗಿಯ ಊರೊಳಗಿನ ನಾಲ್ವರು ಹೆಂಗಸರು ಬಂದು ಹೋಗಿದ್ದರು. ಅವರಲ್ಲಿ ಒಬ್ಬರು, ಮೈಸೂರಿನವರು, ತಮ್ಮ ಮನೆಯ ಹಸಿರು ಬಳೆಗಳನ್ನೇ ತಂದು ತೊಡಿಸಿ ಉಡಿ ತುಂಬಿದ್ದರು. ಆ ತಾಯಿ ನೂರು ವರ್ಷ ಬಾಳಲಿ. ಆದರೂ ಅದು ನನ್ನ ಕೈಯಿಂದ ಆಗಬೇಕಿದ್ದ ಕೆಲಸ.

ಹಸಿರು ಸೀರೆಯನ್ನು ತಂಗಿಯ ಮಡಿಲಲ್ಲಿಟ್ಟೆ. ಅವಳು ಅದರ ಸೆರಗನ್ನು ಸವರಿದಳು, ಮುಖ ಎತ್ತಲಿಲ್ಲ.

“ಅವ್ವ ಇದ್ದಿದ್ರ ನಿನ್ನೆ ದಿನಾನ ಬಂದು ಕೂಡ್ತಿದ್ಲು, ಅಕ್ಕಾ.”

ಬಾಗಿಲಲ್ಲಿ ಬೂಟಿನ ಹಿಮ ಕೊಡವುತ್ತಿದ್ದ ನನ್ನ ಗಂಡ ಗಂಟಲು ಸರಿಮಾಡಿಕೊಂಡರು. “ಅದು ಏನಾತಂದ್ರ, ಗಾಳಿ ಪೂರ್ವದಿಂದ…”

“ಬಾಯಿ ಮುಚ್ರಿ!” ಎಂದೆ.

ಮದುವೆಯಾದ ಮೇಲೆ ಅವರಿಗೆ ನಾನು ಹಾಗೆ ಹೇಳಿದ್ದು ಅದೇ ಮೊದಲು. ಪಾರ್ಟಿಗಳಲ್ಲಿ ಕಥೆ ಬುತ್ತಿಯ ಹತ್ತಿರವೇ ಮುಗಿಯುತ್ತದೆ. ತಂಗಿ ಹೇಳಿದ್ದನ್ನು ಅವರು ಇವತ್ತಿಗೂ ಯಾರಿಗೂ ಹೇಳಿಲ್ಲ.