ಉಚ್ಚೆಂಗಪ್ಪನ ಕೈಯ ಅಳತೆ

ಕಾಗದದ ಮೇಲೆ ಉಚ್ಚೆಂಗಪ್ಪ ಬರೀ ಅಟೆಂಡರು. ಸಂಡೂರಿನ ಕಾಲೇಜೊಂದರ ಲ್ಯಾಬಿನ ಬಾಗಿಲು ತೆಗೆಯುವುದು, ಕಿಟಕಿ ಸಂದಿಯಿಂದ ನುಗ್ಗುವ ಅದಿರಿನ ಕೆಂಪು ಧೂಳು ಒರೆಸುವುದು, ಇಷ್ಟೇ ಅವನ ಕೆಲಸವೆಂದು ಆರ್ಡರಿನಲ್ಲಿದೆ. ಆರ್ಡರು ಬರೆದ ಪುಣ್ಯಾತ್ಮರು ಅವನ ಕೈ ನೋಡಿರಲಿಲ್ಲ. ಐವತ್ತೊಂಬತ್ತರಲ್ಲೂ ಆ ಕೈ ಒಂದಿಷ್ಟೂ ನಡುಗುವುದಿಲ್ಲ.

ಪಿಎಚ್‌.ಡಿ. ಮಾಡುತ್ತಿದ್ದ ಹೇಮಾಳಿಗೆ ಬೇಕಿದ್ದದ್ದು ಅಂಥ ಕೈಯೇ. ಬೆಳ್ಳಿ ಲೇಪಿಸಿದ ಗಾಜಿನ ಮೇಲೆ ಒಂದೇ ಒಂದು ಅಣುವಿನಷ್ಟು ದಪ್ಪದ ಪದರ. ಸೂಜಿಯ ತುದಿಗೆ ನೇತಾಡುವ ದ್ರವಲೋಹದ ಹನಿಯನ್ನು ಅದಕ್ಕೆ ಮೆಲ್ಲಗೆ ತಾಗಿಸಿ, ಪದರದ ಮೂಲಕ ಎಷ್ಟು ಕರೆಂಟು ಹರಿಯುತ್ತದೆಂದು ಅಳೆಯಬೇಕು. ಕೂದಲೆಳೆಯಷ್ಟು ಹೆಚ್ಚು ಒತ್ತಿದರೂ ಅಂಕಿ ಎಗರುತ್ತದೆ. ಹನಿ ಇಳಿಸುವವನು ಉಚ್ಚೆಂಗಪ್ಪ. ಅವನು “ಬರ್ಕೋರಿ” ಅಂದಾಗ ಕಂಪ್ಯೂಟರಿಗೆ ಅಂಕಿ ಸೇರಿಸುವವಳು ಹೇಮಾ. ಎರಡು ವರ್ಷ ಹೀಗೇ ನಡೆದು ಲೇಖನ ಅಚ್ಚಾಯಿತು.

ಆಮೇಲೆ ಹೊರರಾಜ್ಯದ ಲ್ಯಾಬೊಂದರಿಂದ ಪತ್ರ ಬಂತು. ನೀವು ಬರೆದಂತೆಯೇ ಮಾಡಿದೆವು, ನಮಗೆ ಹತ್ತುಪಟ್ಟು ಕರೆಂಟು ಬರುತ್ತಿದೆ, ಏನು ಸಮಾಚಾರ? ಹೇಮಾ ಗಾಬರಿಯಾಗಿ ತಾನೇ ಸೂಜಿ ಹಿಡಿದಳು. ಪ್ರತಿ ಸಲವೂ ಹೊಸ ಹನಿ, ಪ್ರತಿ ಸಲವೂ ಹತ್ತುಪಟ್ಟು. ಅಲ್ಲಿಗೆ ತೀರ್ಮಾನವಾಯಿತು: ಒಪ್ಪುವ ಅಂಕಿ ಬರುವವರೆಗೆ ಕಾದು ಮುದುಕ ಬರೆಸಿದ್ದಾನೆ. ಹಾಗಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

“ನಾಳಿಂದ ನೀವು ಟೇಬಲ್ ಅಷ್ಟ ಒರೆಸ್ರಿ ಅಣ್ಣ, ಸಾಕು,” ಅಂದಳು ಹೇಮಾ.

ಮೂವತ್ತು ವರ್ಷದಲ್ಲಿ ಒಂದು ಸ್ಕ್ರೂ ಕೂಡ ಮನೆಗೊಯ್ಯದ ಮನುಷ್ಯ. ರಿಟೈರಾಗಲು ಆರು ತಿಂಗಳಿರುವಾಗ ಸುಳ್ಳನೆಂಬ ಹೆಸರು ಬಂತಲ್ಲ ಎಂದು ಅವನು ಕೊರಗಿದ. ಊಟ ಸೇರಲಿಲ್ಲ. ಹೆಂಡತಿ ಭರಮಮ್ಮ ಕೇಳಿದರೆ “ಏನಿಲ್ಲ ಬಿಡು” ಎಂದು ಗೋಡೆಯ ಕಡೆ ಹೊರಳುತ್ತಿದ್ದ.

ಐದು ವಾರ ಕಳೆಯಿತು. ಒಂದು ದಿನ ಪಕ್ಕದ ಟೇಬಲ್ ಒರೆಸುತ್ತಿದ್ದವನು, ಹೇಮಾ ಹನಿ ತಾಗಿಸಿದ ಕೂಡಲೇ ಅಂಕಿ ಬರೆದದ್ದು ಕಂಡು ತಡೆಯಲಾರದೆ ಕೇಳಿದ.

“ಮೊದಲ್ನೇದನ್ನೂ ಬರ್ಕೊಂತೀರೇನ್ರಿ?”

“ಹೌದು. ಯಾಕ?”

“ಮೊದಲ್ನೇದು ದೇವರ ಪಾಲಲ್ಲೇನ್ರೀ!”

ಚೋರನೂರಿನ ಅವನ ಮನೆಯಲ್ಲಿ ಹಂಚಿನಿಂದಿಳಿದ ಮೊದಲ ರೊಟ್ಟಿ ಮನುಷ್ಯರಿಗಲ್ಲ. ದೇವರ ಹೆಸರು ಹೇಳಿ ಹಸುವಿಗೆ ಕೊಡಬೇಕು. ಅದೇ ರೂಢಿಯಲ್ಲಿ ಉಚ್ಚೆಂಗಪ್ಪ ಪ್ರತಿ ಹೊಸ ಹನಿಯನ್ನು ಒಮ್ಮೆ ಸುಮ್ಮನೆ ತಾಗಿಸಿ ಎತ್ತಿ, ಜಾಗ ಬದಲಿಸಿ ಎರಡನೆಯ ಸಲದಿಂದ ಬರೆಸುತ್ತಿದ್ದ. ಮೊದಲ ಸಲದ್ದು ಸೂಜಿ ಸರಿಮಾಡಿಕೊಳ್ಳುವುದು ಎಂದು ಹೇಮಾ ತಿಳಿದಿದ್ದಳು. ಲೇಖನದಲ್ಲಿ ಅದರ ಸುದ್ದಿಯೇ ಇರಲಿಲ್ಲ.

ಅವಳು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಹೊಸ ಹನಿಗೆ ಮುಳ್ಳಿನಂಥ ಮೊನೆ. ಅದು ಪದರವನ್ನೇ ಚುಚ್ಚಿ ಕರೆಂಟು ಹೆಚ್ಚಿಸುತ್ತಿತ್ತು. ಒಮ್ಮೆ ತಾಗಿದರೆ ಮೊನೆ ಮೊಂಡಾಗುತ್ತಿತ್ತು. ಹೊರರಾಜ್ಯದವರು ಪಾಪ, ಪ್ರತಿ ಸಲ ಹೊಸ ಹನಿ ಹಾಕಿ, ಅಷ್ಟೂ ದೇವರ ಪಾಲನ್ನೇ ಅಳೆದು ಕೂತಿದ್ದರು. ಉಚ್ಚೆಂಗಪ್ಪ ಅಂದೇ ಇಪ್ಪತ್ತು ಹನಿ ಇಳಿಸಿದ. ಇಪ್ಪತ್ತರಲ್ಲೂ ಎರಡನೆಯ ಅಂಕಿ ಲೇಖನದಲ್ಲಿದ್ದಂತೆಯೇ ಬಂತು.

“ನಿಮ್ಮ ಮ್ಯಾಲೆ ಅನುಮಾನ ಪಟ್ಟೆ ಅಣ್ಣ, ತಪ್ಪಾತು,” ಅಂದಳು ಹೇಮಾ. ಅವಳ ಕಣ್ಣು ತುಂಬಿತ್ತು.

“ಅನುಮಾನ ಪಡೋದು ನಿಮ್ಮ ಕೆಲಸ ಮೇಡಮ್, ಪಡ್ರಿ,” ಅಂದ ಉಚ್ಚೆಂಗಪ್ಪ. “ಆದ್ರ ಐದು ವಾರ ನಿಮ್ಮ ಕಣ್ಣೆದುರಿಗೇ ಇದ್ದೆ. ಒಂದು ಮಾತು ನನ್ನನ್ನ ಕೇಳಬಾರದಿತ್ತೇನ್ರಿ?”