ಕೆಂಪು ಶಾಯಿ ಹಾಕಿದ ಡಬ್ಬಿ

ಮೊನ್ನೆ ಮೀನಿನ ಸಾರಿಗೆ ಕಾಚಂಪುಳಿ ಬಿಡಲೆಂದು ಹೊಸ ಬಾಟಲಿಯ ಬಿರಡೆ ತೆಗೆದೆ. ಆ ಕಪ್ಪು ಹುಳಿಯ ವಾಸನೆ ಮೂಗಿಗೆ ಹೊಡೆದದ್ದೇ ಕೈ ನಿಂತುಬಿಟ್ಟಿತು. ಇಂಥದೇ ವಾಸನೆ ನಾನು ಇನ್ನೊಂದು ಜಾಗದಲ್ಲಿ ಕಂಡದ್ದು, ಮಡಿಕೇರಿಯ ರೇಡಿಯೋ ಸ್ಟೇಷನ್ನಿನಲ್ಲಿ, ಹಳೆಯ ಟೇಪಿನ ಸುರುಳಿಗಳನ್ನು ಜೋಡಿಸಿಟ್ಟ ಕೋಣೆಯಲ್ಲಿ. ಒಮ್ಮೆ ಮಾತ್ರ ಹೋಗಿದ್ದೆ…

ಆಗ ನಾವು ಮಡಿಕೇರಿಯಲ್ಲಿ ಬಾಡಿಗೆಗಿದ್ದೆವು. ಪಕ್ಕದ ಮನೆಯಲ್ಲಿ ಸ್ಟೇಷನ್ನಿನ ಉದ್ಘೋಷಕಿ ಒಬ್ಬರಿದ್ದರು. ಕೆಲಸ ಕಾಯಂ ಅಲ್ಲ, ಕರೆದ ದಿನ ಹೋಗಬೇಕು. ಮದುವೆಯಾಗಿರಲಿಲ್ಲ. ನಾನು ಅಕ್ಕ ಎನ್ನುತ್ತಿದ್ದೆ, ನನ್ನ ಮಗಳು ಪುಟ್ಟಿ ರೇಡಿಯೋ ದೊಡ್ಡಮ್ಮ ಎನ್ನುತ್ತಿದ್ದಳು. ಬೆಳಗಿನ ಪಾಳಿಯಿದ್ದರೆ ಮಂಜಿನಲ್ಲಿ ಟಾರ್ಚು ಹಿಡಿದು ಗುಡ್ಡ ಹತ್ತುವರು. ಹೋಗುವಾಗ ನಮ್ಮ ಗೋಡೆಯ ಮೇಲೆ ದೇವರಿಗೆಂದು ಒಂದು ಬೊಗಸೆ ಸಂಪಿಗೆ ಇಟ್ಟಿರುವರು. ನಾನು ದೀಪ ಹಚ್ಚುವ ಹೊತ್ತಿಗೆ ರೇಡಿಯೋದಲ್ಲಿ ಅವರ ದನಿ ಬರುವುದು. ಹೂವೂ ಅವರದು, ದನಿಯೂ ಅವರದು.

ಪುಟ್ಟಿಗೆ ಆರು ವರ್ಷ ತುಂಬಿದಾಗ ಭಾನುವಾರದ ಮಕ್ಕಳ ಕಾರ್ಯಕ್ರಮಕ್ಕೆ ಅಕ್ಕನೇ ಕರೆದುಕೊಂಡು ಹೋದರು. ನಮ್ಮ ಹೇಂಟೆ ಅವರ ಸೌದೆ ಕೊಟ್ಟಿಗೆಗೆ ಹೋಗಿ ಮೊಟ್ಟೆ ಇಡುವ ಕಥೆಯನ್ನು ಇವಳು ಹೇಳಿದಳಂತೆ. ನಡುವೆ ನಗು ಬಂದು, ನಿಲ್ಲದೆ, ನಕ್ಕೇಬಿಟ್ಟಳಂತೆ.

"ಕತ್ತರಿಸಿ ತೆಗಿರಿ ಅಂದ್ರು. ನಾ ಬಿಡ್ಲಿಲ್ಲ ಮಾರಾಯ್ತಿ. ಕಥೆ ಬೇಕಾದ್ರೆ ಕತ್ತರಿಸಿ, ನಗು ಇರ್ಲಿ ಅಂದೆ" ಎಂದು ಅಕ್ಕ ಬಂದು ಹೇಳಿದ್ದರು.

ಆ ಭಾನುವಾರ ಪುಟ್ಟಿ ರೇಡಿಯೋದ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ತನ್ನದೇ ನಗು ಕೇಳಿ ಗಾಬರಿಯಾದಳು. "ಅಮ್ಮಾ, ನಾ ಇಲ್ಲಿದ್ದೇನಲ್ಲ, ಮತ್ತೆ ಅಲ್ಲಿ ನಗುದು ಯಾರು?" ಎಂದಳು. ನಾನು ಕಡುಬಿನ ಹಿಟ್ಟು ಮೆತ್ತಿದ ಕೈಯಲ್ಲೇ ಅವಳ ಕೆನ್ನೆ ಹಿಂಡಿದೆ. ಮನೆಯಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ. ಇನ್ನೊಂದು ಸಲ ಕೇಳಬೇಕಾದೀತು ಎಂದು ಯಾರಿಗೆ ಗೊತ್ತಿತ್ತು…

ಹತ್ತೇ ದಿನ. ಕಕ್ಕಡ ತಿಂಗಳ ಜಡಿಮಳೆ. ಜ್ವರ ತಲೆಗೇರಿತು. ಆಸ್ಪತ್ರೆಯಲ್ಲಿ ಮೂರನೆಯ ದಿನ ಮಧ್ಯಾಹ್ನ ಮಗು ಹೋಯಿತು. ನಮ್ಮವರು ಅಲ್ಲಿಂದ ಸ್ಟೇಷನ್ನಿಗೆ ಫೋನು ಮಾಡಿದರು. ಫೋನಿರುವ ಜಾಗದಲ್ಲಿ ನಮಗೆ ಗೊತ್ತಿದ್ದದ್ದು ಅಕ್ಕ ಒಬ್ಬರೇ. ಎಲ್ಲರಿಗಿಂತ ಮೊದಲು ಬಂದವರೂ ಅವರೇ. ಕೊಡೆಯಿಲ್ಲ, ಸೆರಗಿನಿಂದ ನೀರು ಸುರಿಯುತ್ತಿತ್ತು, ಒಂದು ಕಾಲಲ್ಲಷ್ಟೇ ಚಪ್ಪಲಿ. ಪುಟ್ಟಿಯ ಕಣ್ಣು ಮುಚ್ಚಿಸಿದ್ದು, ತಲೆ ಬಾಚಿ ರಿಬ್ಬನ್ ಕಟ್ಟಿದ್ದು ಅವರು. ನನಗೆ ಕೈ ಎತ್ತಲೂ ಆಗಿರಲಿಲ್ಲ.

ಹದಿಮೂರು ದಿನ ಕಳೆದ ಮೇಲೆ ಅಕ್ಕ ಮೆಲ್ಲಗೆ ಹೇಳಿದರು. "ತಂಗೀ, ಮಗುವಿನ ದನಿ ಇಟ್ಟಿದ್ದೇನೆ. ಖಾಲಿ ಕ್ಯಾಸೆಟ್ ತನ್ನಿ, ಹಾಕಿಸಿ ಕೊಡುವ."

ಸ್ಟೇಷನ್ನಿನಲ್ಲಿ ಟೇಪಿಗೆ ಯಾವಾಗಲೂ ಬರ. ಪ್ರಸಾರ ಆದದ್ದನ್ನು ಯಂತ್ರದ ಮೇಲಿಟ್ಟು ಅಳಿಸಿ, ಅದರ ಮೇಲೆಯೇ ಹೊಸದನ್ನು ತುಂಬಿಸುವರು. ಉಳಿಸಬೇಕಾದದ್ದಿದ್ದರೆ ರಟ್ಟಿನ ಡಬ್ಬಿಯ ಮೇಲೆ ಕೆಂಪು ಶಾಯಿಯಲ್ಲಿ ಗೀಟು ಹಾಕಬೇಕು. ಪುಟ್ಟಿಯ ಡಬ್ಬಿಗೆ ಅಕ್ಕ ಆ ಭಾನುವಾರವೇ ಗೀಟು ಹಾಕಿದ್ದರು, ನಗುವಿಗಾಗಿ.

ನಾನೂ ನಮ್ಮವರೂ ಹೋದೆವು. ಹುಳಿ ವಾಸನೆಯ ಆ ಕೋಣೆಯಿಂದ ಡಬ್ಬಿ ಬಂತು. ಮೇಲೆ ಅಕ್ಕನ ಅಕ್ಷರದಲ್ಲಿ ನನ್ನ ಮಗಳ ಹೆಸರು. ಸುರುಳಿ ತಿರುಗಿತು. ಗಂಡಸಿನ ದನಿಯೊಂದು, ಕಾಂಡಕೊರಕ ಹುಳ ಬಿದ್ದ ಅರೇಬಿಕಾ ಕಾಫಿ ಗಿಡವನ್ನು ಕಿತ್ತು ಸುಡಬೇಕು ಎಂದು ಹೇಳತೊಡಗಿತು. ಅಕ್ಕ ಮುಂದೆ ಓಡಿಸಿದರು. ಕಾಂಡಕೊರಕ. ಕೊನೆಯವರೆಗೂ ಕಾಂಡಕೊರಕ. ಆಮೇಲೆ ಒಂದೊಂದೇ ಡಬ್ಬಿ ಬಿಚ್ಚಿ ಮಧ್ಯಾಹ್ನದವರೆಗೆ ಹುಡುಕಿದರು. ನಾವು ಬೆಂಚಿನ ಮೇಲೆ ಕೂತೇ ಇದ್ದೆವು, ಕ್ಯಾಸೆಟ್ ಹಿಡಿದುಕೊಂಡು.

ಹೊರಗೆ ಬಂದ ಅಕ್ಕ ನನ್ನ ಮುಖ ನೋಡಲಿಲ್ಲ. "ತಪ್ಪಾಯ್ತು ತಂಗೀ. ಸುರುಳಿ ಅದಲು ಬದಲಾಗಿದೆ. ಮಗುವಿಂದು ಅಳಿಸಿ ಹೋಗಿದೆ. ನನ್ನಿಂದಲೇ ಆದದ್ದು."

"ಹೆತ್ತಿದ್ರೆ ಗೊತ್ತಾಗ್ತಿತ್ತು ನಿಮ್ಗೆ" ಎಂದೆ.

ಅಷ್ಟೇ ಮಾತು. ಮರುದಿನವೂ ಗೋಡೆಯ ಮೇಲೆ ಸಂಪಿಗೆ ಇತ್ತು. ನಾನು ಮುಟ್ಟಲಿಲ್ಲ. ನಾವು ಮೂರ್ನಾಡಿಗೆ ಬರುವವರೆಗೆ, ಏಳು ತಿಂಗಳು, ಹೂವು ಅಲ್ಲೇ ಬಾಡಿತು. ಇಲ್ಲಿಗೆ ಬಂದ ಮೇಲೂ ಅಂಗಡಿಯಲ್ಲೋ ಬಸ್ಸಿನಲ್ಲೋ ಅವರ ದನಿ ಕೇಳಿದರೆ ಕಿವಿ ಮುಚ್ಚಿಕೊಳ್ಳಬೇಕು ಅನಿಸುತ್ತಿತ್ತು. ಬರಬರುತ್ತ ಆ ದನಿ ಬರುವುದೇ ನಿಂತಿತು. ಗಂಟಲಿನ ಕಾಯಿಲೆ ಎಂದು ಯಾರೋ ಹೇಳಿದರು. ಹೋಗಿ ನೋಡಬೇಕೆಂದು ದೇವರ ಮುಂದೆ ಎಷ್ಟು ಸಲ ಅಂದುಕೊಂಡೆನೋ… ಅಂದುಕೊಂಡದ್ದಷ್ಟೇ. ದೇವರು ಎದ್ದು ಹೋಗು ಎಂದು ಕೈ ಹಿಡಿದು ಎಬ್ಬಿಸುವುದಿಲ್ಲವಲ್ಲ.

ಹೋದ ಮಳೆಗಾಲದಲ್ಲಿ ಅಕ್ಕ ತೀರಿಕೊಂಡರು. ಆ ಕಾಲದಲ್ಲಿ ಸ್ಟೇಷನ್ನಿನಲ್ಲಿ ಟೇಪು ನೋಡಿಕೊಳ್ಳುತ್ತಿದ್ದ ಒಬ್ಬರು, ಈಗ ನಿವೃತ್ತರು, ವಿಳಾಸ ಕೇಳಿಕೊಂಡು ನಮ್ಮ ಮನೆಗೆ ಬಂದರು. ಚೀಲದಿಂದ ಪುಟ್ಟಿಯ ಹೆಸರಿನ ಆ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು.

"ಹಳೇದೆಲ್ಲ ಬಿಸಾಡುವಾಗ ಇದೊಂದು ಅವ್ರು ಕೇಳಿ ತಕ್ಕೊಂಡಿದ್ರು. ನಿಮಗೆ ಮುಟ್ಟಿಸ್ಬೇಕು ಅಂತ ಚೀಟಿಯಲ್ಲಿ ಬರೆದು ತೋರ್ಸಿದ್ರು, ಮಾತು ಹೊರಡ್ತಿರ್ಲಿಲ್ಲ."

"ಒಳಗೆ ಕಾಫಿ ಗಿಡದ ಹುಳ ಉಂಟು, ಗೊತ್ತುಂಟು ನಂಗೆ" ಎಂದೆ.

ಅವರು ಕಾಫಿ ಲೋಟ ಕೆಳಗಿಟ್ಟರು. "ಅದು ಹೇಗಾಯ್ತು ಅಂತ ಅವ್ರು ನಿಮಗೆ ಹೇಳ್ಲೇ ಇಲ್ವಾ ಅಮ್ಮಾ? ಪ್ರಸಾರ ಆದ ಟೇಪುಗಳನ್ನ ಡಬ್ಬಿಗೆ ಹಾಕ್ತಾ ಕೂತಿದ್ರು. ನಿಮ್ಮ ಮಗುವಿಂದೂ ಆ ಕಾಫಿ ಹುಳದ್ದೂ ಎರಡು ಸುರುಳಿ ಕೈಯಲ್ಲೇ ಇತ್ತು. ಆಸ್ಪತ್ರೆಯಿಂದ ಫೋನು ಬಂತು ನೋಡಿ. ಯಾವ್ದು ಯಾವ್ದಕ್ಕೆ ತುರುಕಿದ್ರೋ, ಒಂದೇ ಓಟ. ಒಂದು ಚಪ್ಪಲಿ ನಮ್ಮ ಮೆಟ್ಟಿಲ ಮೇಲೇ ಬಿದ್ದಿತ್ತು. ನಾನೇ ಎತ್ತಿಟ್ಟೆ. ಗೀಟಿಲ್ಲದ ಡಬ್ಬಿ ಮರುದಿನ ಅಳಿಸ್ಲಿಕ್ಕೆ ಹೋಯ್ತು…"

ನಾನು ಎದ್ದು ಒಳಗೆ ಹೋದೆ. ಅವರು ಹೊರಟದ್ದೂ ನನಗೆ ಗೊತ್ತಾಗಲಿಲ್ಲ.

ಡಬ್ಬಿ ಈಗ ದೇವರ ಕೋಣೆಯಲ್ಲಿದೆ. ಮುಚ್ಚಳ ತೆಗೆದರೆ ಕಾಚಂಪುಳಿಯ ಹಾಗೆ ಹುಳಿ ನಾತ. ಅದನ್ನು ತಿರುಗಿಸುವ ಯಂತ್ರ ಈಗೆಲ್ಲೂ ಇಲ್ಲವಂತೆ. ಇದ್ದರೂ ಬೇಡ. ಕೆಂಪು ಗೀಟು ಮಾಸಿದೆ, ಮಗಳ ಹೆಸರು ಇನ್ನೂ ಓದಲು ಬರುತ್ತದೆ. ಅಷ್ಟು ಉಳಿಸಿಕೊಟ್ಟಿದ್ದಾನೆ ದೇವರು. ಪುಟ್ಟಿಯ ಕೊನೆಯ ಜಡೆ ಹೆಣೆಯಲು ನನ್ನ ಕೈಗೆ ಆಗದಿದ್ದಾಗ ಇನ್ನೊಂದು ಕೈ ಕಳಿಸಿದ್ದ, ಅದನ್ನೂ ಈಗ ಲೆಕ್ಕಕ್ಕೆ ಹಿಡಿಯುತ್ತೇನೆ. ನಮ್ಮ ಹಿತ್ತಿಲಿನ ಸಂಪಿಗೆಯನ್ನು ದಿನಾ ಡಬ್ಬಿಯ ಮೇಲೂ ಒಂದು ಇಡುತ್ತೇನೆ.

ಆ ದಿನ ಆಸ್ಪತ್ರೆಯಲ್ಲಿ ಆ ಬರಿಗಾಲು ನನ್ನ ಕಣ್ಣೆದುರೇ ಇತ್ತು. ಇನ್ನೊಂದು ಚಪ್ಪಲಿ ಎಲ್ಲಿ ಅಕ್ಕಾ, ಎಂದು ಒಂದು ಮಾತು ಕೇಳಿದ್ದರೆ…

ಮೊನ್ನೆ ಸಾರಿಗೆ ಹುಳಿ ಹಾಕಲು ಮರೆತೆ. ನಮ್ಮವರು ಹಾಗೇ ಉಂಡು ಎದ್ದರು.